ನನ್ನ ತಮ್ಮ ಲಾ ಕಾಲೇಜಿಗೆ ಹೋದ ಕಾರಣ

ಮಾದಪ್ಪನ ಒಕ್ಕಲಿನವರೇ, ನಾನು ಓದು ಬಿಟ್ಟದ್ದು ೧೯೫೬ರಲ್ಲಿ. ಅಪ್ಪ ಹಾಸಿಗೆ ಹಿಡಿದರು. ಕೊಳ್ಳೇಗಾಲದ ನಮ್ಮ ಮನೆಯ ರೇಷ್ಮೆ ಮಗ್ಗ ನಿಲ್ಲಬಾರದೆಂದು ಏಳನೆಯ ಕ್ಲಾಸಿನಿಂದೆದ್ದು ಬಂದು ನೇಯುವವರು ಕಾಲು ಇಳಿಬಿಟ್ಟು ಕೂರುವ ಅದರ ಗುಂಡಿಗೆ ಇಳಿದೆ. ಆ ನೇಯ್ಗೆಯಲ್ಲೇ ತಮ್ಮ ಶಿವಣ್ಣನನ್ನು ಓದಿಸಿದೆ. ಯಾರ ಮುಂದೆಯೂ ಕೈಯೊಡ್ಡಲಿಲ್ಲ.

ಅಕ್ಕ ಸಿದ್ದಮ್ಮನನ್ನು ಹನೂರಿಗೆ ಕೊಟ್ಟಿದ್ದೆವು. ಭಾವ ತೀರಿಕೊಂಡ ಮೇಲೆ ಅವಳ ಮಾವ ಮೂರು ವರ್ಷದ ಮಗು ಗೌರಿಯನ್ನು ಇಟ್ಟುಕೊಂಡು ಅಕ್ಕನನ್ನು ತವರಿಗೆ ಕಳಿಸಿಬಿಟ್ಟರು. ವಿಷಯ ಕೋರ್ಟಿಗೆ ಹೋಯಿತು. "ಮಗು ನಿನಗೆ ಬೇಕೇನಮ್ಮ?" ಎಂದು ಜಡ್ಜು ಸಾಹೇಬರು ಕೇಳಿದರು. ಪಕ್ಕದಲ್ಲೇ ಮಾವ ನಿಂತಿದ್ದರು. ನಮ್ಮಲ್ಲಿ ಸೊಸೆ ಮಾವನ ಎದುರು ಬಾಯಿ ಬಿಡುವುದಿಲ್ಲ. ಅಕ್ಕ ಸೆರಗು ಕಚ್ಚಿಕೊಂಡು ನೆಲ ನೋಡಿದಳು. ಮತ್ತೆ ಕೇಳಿದರು. ಮತ್ತೆ ನೆಲ ನೋಡಿದಳು. ಮಗು ಹನೂರಿನಲ್ಲೇ ಉಳಿಯಿತು.

ಅದಕ್ಕೇ ಶಿವಣ್ಣ ಬಿ.ಎ. ಮುಗಿಸಿ ಮೈಸೂರಿನಲ್ಲಿ ಲಾ ಓದಲು ಸೇರಿದ. ೧೯೭೩ರಲ್ಲಿ ಅಕ್ಕ ಜ್ವರದಿಂದ ಆಸ್ಪತ್ರೆ ಸೇರಿದಳು. ಬಾಗಿಲು ಅಲುಗಿದಾಗಲೆಲ್ಲ ಗೌರಿಯೇ ಬಂದಳೆಂದು "ಮೊಗ ಬಂತಾ?" ಅನ್ನುತ್ತಿದ್ದಳು. ಹಾಗೆನ್ನುತ್ತಲೇ ಹೋದಳು.

ಮಣ್ಣಿಗೆ ಬಂದ ತಮ್ಮ ತಿರುಗಿ ಮೈಸೂರಿಗೆ ಹೋಗಲಿಲ್ಲ.

"ಕೋರ್ಟಲ್ಲಿ ಅಕ್ಕನ ಬಾಯಿ ಆಗನ ಅಂತ ಓದ್ತಿದ್ದೆ ಕಣಣ್ಣ. ಇನ್ಯಾರ ಬಾಯಾಗ್ಲಿ?"

"ನನ್ನಂಗೆ ಗುಂಡೀಲಿ ಕೂತ್ಕತೀಯೇನ್ಲಾ?" ಎಂದೆ.

"ನೀನ್ ಕೂತಿಲ್ವಾ? ಇನ್ನೆರಡು ಕಾಲು ಇಳೀತವೆ, ಅಷ್ಟೇಯ."

ಮಾದಪ್ಪನ ಬೆಟ್ಟಕ್ಕೆ ಹೋದೆ. "ಅಪ್ಪಾ, ಅಕ್ಕನ್ನ ನೀನು ಕರ್ಕಂಡೆ. ತಮ್ಮನ ಓದಾದ್ರೂ ಉಳಿಸ್ಕೊಡು" ಎಂದು ಅತ್ತೆ. ಬರುವಾಗ ಹನೂರಿನಲ್ಲಿ ನಾನಿದ್ದ ಬಸ್ಸಿಗೇ ಅಕ್ಕನ ಮಾವ ಹತ್ತಿದರು, ಗೌರಿಯ ಕೈ ಹಿಡಿದುಕೊಂಡು.

"ನಮ್ಮನೆಯವ್ಳೂ ತೀರ್ಕಂಡ್ಲು ಕಣಪ್ಪ. ಮೊಗೀಗೆ ತಲೆ ಬಾಚೋರಿಲ್ಲ. ಮೊಗೀನ ಬಿಡಕ್ಕೆ ನಿಮ್ಮ ಅಟ್ಟಿಗೇ ಬತ್ತಿವ್ನಿ," ಎಂದರು.

ನಮ್ಮ ಮನೆಯ ಜಗಲಿಯಲ್ಲಿ ಶಿವಣ್ಣ ಮಗುವನ್ನು ಕೇಳಿದ: "ಇಲ್ಲಿರ್ತೀಯೇನವ್ವ?"

ಗೌರಿ ತಾತನ ಕಡೆ ಕಣ್ಣೆತ್ತಿ, ನೆಲ ನೋಡಿದಳು. ಥೇಟು ಅಕ್ಕನೇ. ಶಿವಣ್ಣ ಅವರ ಕಡೆ ತಿರುಗಿ, "ಯಜಮಾನ್ರೆ, ನೀವೊಸಿ ಆಚಿಗೋಗಿ" ಎಂದ. ಅವರು ಬೀದಿಗಿಳಿದ ಮೇಲೆ ಮತ್ತೆ ಕೇಳಿದ.

"ಇರ್ತೀನಿ," ಎಂದಳು. "ತಾತಂಗೆ ಯೋಳ್ಬ್ಯಾಡ, ಅಳ್ತದೆ."

ಶಿವಣ್ಣ ಗೋಡೆಗೆ ಮುಖ ಮಾಡಿ ನಿಂತ. "ಅವತ್ತು ಕೋರ್ಟಲ್ಲಿ ಮಾವನ್ನ ಆಚಿಗೆ ಕಳ್ಸಿ ಅನ್ನಕ್ಕೆ ಒಬ್ರೂ ಇರ್ಲಿಲ್ವಲ್ಲಣ್ಣ," ಎಂದ. ಮರುದಿನ ಬೆಳಗಿನ ಬಸ್ಸಿಗೆ ಮತ್ತೆ ಓದಲು ಮೈಸೂರಿಗೆ ಹೋದ.

ನಾನು ಬೇಡಿದ್ದು ತಮ್ಮನ ಓದು. ಮಾದಪ್ಪ ಮಗುವನ್ನೂ ಕೊಟ್ಟ. ಅಕ್ಕ ಇರುವಾಗಲೇ ಏಕೆ ಕೊಡಲಿಲ್ಲವೆಂದು ಈಗಲೂ ಕೇಳುತ್ತೇನೆ. ಕೇಳುವುದಕ್ಕೂ ಅವನ ಬೆಟ್ಟಕ್ಕೇ ಹೋಗುತ್ತೇನೆ, ಬೇರೆಲ್ಲಿಗೆ ಹೋಗಲಿ?

ಈಗ ನನಗಿರುವುದು ಒಂದು ಮಗ್ಗ, ಕರಿ ಕೋಟಿನ ಒಬ್ಬ ತಮ್ಮ, ಅಕ್ಕನ ಮಗಳು ಒಬ್ಬಳು. ಅಕ್ಕ ಇಲ್ಲ.