ಪೌಂಡ್ ಬಂದರೆ ನ

ನಮ್ಮ ಮನೆಯಲ್ಲಿ ಮೊದಲು ಪದವಿ ಪಡೆದವನು ನಾನು. ವೆಬ್‌ಸೈಟುಗಳನ್ನು ಕಣ್ಣು ಕಾಣದವರೂ ಬಳಸಬಹುದೇ ಎಂದು ಪರೀಕ್ಷಿಸಿ ಅಂಕ ಕೊಡುವುದು ಮಣಿಪಾಲದಲ್ಲಿ ನನ್ನ ಕೆಲಸ. ಒಂದು ನೇಮಕಾತಿ ಸೈಟಿಗೆ ನಮ್ಮ ಸಾಫ್ಟ್‌ವೇರ್ ನೂರಕ್ಕೆ ತೊಂಬತ್ತನಾಲ್ಕು ಕೊಟ್ಟಿತ್ತು. ನಾನೂ ಒಪ್ಪಿದ್ದೆ.

ಕಾಪುವಿನಿಂದ ನಮ್ಮ ಕಚೇರಿಗೆ ಬಂದಿದ್ದ, ಹುಟ್ಟಿನಿಂದ ದೃಷ್ಟಿಯಿಲ್ಲದ ಅಕ್ಕ ಒಬ್ಬರು ಅದರಲ್ಲೇ ಶಿಕ್ಷಕಿ ಹುದ್ದೆಗೆ ಅರ್ಜಿ ತುಂಬಲು ಕುಳಿತರು. ಅಂದೇ ಕೊನೆಯ ದಿನ. ಪರದೆಯನ್ನು ಓದಿ ಹೇಳುವ ಧ್ವನಿ "ಪಿ, ಪೌಂಡ್, ಜಿ" ಎಂದು ಬಡಬಡಿಸಿತು. ಅರ್ಜಿಯ ನಮೂನೆಯನ್ನು ಯಾರೋ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ್ದರು. ಕಣ್ಣಿಗೆ ಅದು ಕನ್ನಡ, ಕಂಪ್ಯೂಟರಿಗೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ.

"ಅಕ್ಕ, ನಾನು ಓದಿ ಹೇಳ್ತೇನೆ."

"ಎಂತಕ್ಕೆ ಮಾರಾಯ? ಪಿ ಬಂದ್ರೆ ಕ, ಪೌಂಡ್ ಬಂದ್ರೆ ನ, ಜಿ ಬಂದ್ರೆ ರ. ಎಷ್ಟು ವರ್ಷದಿಂದ ಇದೇ ಅಲ್ವಾ?"

ಅವರ ಬೆರಳು ನಿಲ್ಲಲೇ ಇಲ್ಲ. ತುಳು ಮನೆಯಿಂದ ಬಂದ ನನಗೆ ಕನ್ನಡ ಅಕ್ಷರ ಕಲಿಸಲು ಶಾಲೆ ಬೇಕಾಯಿತು. ಇವರು ಯಾರೂ ಕಲಿಸದ ಇನ್ನೊಂದು ಅಕ್ಷರಮಾಲೆಯನ್ನು ಬರೀ ಕಿವಿಯಿಂದ ಕಟ್ಟಿಕೊಂಡಿದ್ದರು! ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದಂತೆಯೇ ಅರ್ಜಿ ಹೋಯಿತು.

ಸೈಟಿಗೆ ಕೊಟ್ಟಿದ್ದ ತೊಂಬತ್ತನಾಲ್ಕನ್ನು ಅವರಿಗೆ ಹೇಳಿಯೇ ಅಳಿಸಿದೆ.

"ಈಗ ಎಷ್ಟು ಕೊಟ್ಟೆ?" ಎಂದರು.

"ಸೊನ್ನೆ, ಅಕ್ಕ."

"ಅಯ್ಯೋ ಪಾಪ, ಫೇಲಾ?" ಎಂದು ಹೊಟ್ಟೆ ಹಿಡಿದು ನಕ್ಕರು.