ನಾನು ಬರೆದ ಉಸಿರು

ಗೌರಮ್ಮನವರೇ, ನಿಮ್ಮ ಮಗು ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಹುಟ್ಟಿ ಉಸಿರಾಡಿತ್ತು ಎಂದು ಸುಳ್ಳು ಬರೆದವಳು ನಾನು — ಜಯನಗರದ ಸೈಟುಗಳಿಗೆ ಇನ್ನೂ ಕಲ್ಲು ನೆಡುತ್ತಿದ್ದ ಕಾಲದಲ್ಲಿ, ಯಡಿಯೂರಿನ ಹತ್ತಿರದ ಹೆರಿಗೆ ಆಸ್ಪತ್ರೆಯಲ್ಲಿ ರಿಜಿಸ್ಟರ್ ಬರೆಯುತ್ತಿದ್ದ ದಾದಿ. ನಿಮ್ಮ ಮೇಲೆ ನನಗೆ ಯಾವ ಕೋಪವೂ ಇರಲಿಲ್ಲ. ಕೋಪವಿದ್ದದ್ದು ನಿಮ್ಮ ಹೆರಿಗೆ ಮಾಡಿಸಿದ ಕಮಲಮ್ಮನ ಮೇಲೆ.

ಆಸ್ಪತ್ರೆಯ ಹತ್ತಿ ಕದ್ದೆನೆಂದು ಅವಳು ಹತ್ತು ಜನರೆದುರು ನನ್ನ ಚೀಲ ಕೊಡವಿದ್ದಳು. ಬಿದ್ದದ್ದು ಊಟದ ಡಬ್ಬಿ, ಒಂದು ಹಳೆಯ ರವಿಕೆ. ತಪ್ಪಾಯಿತು ಎನ್ನುವುದಿರಲಿ, "ಈ ಸಲ ಸಿಗ್ಲಿಲ್ಲ, ಅಷ್ಟೇ" ಎಂದಳು. ಇವಳನ್ನು ಎತ್ತಂಗಡಿ ಮಾಡಿಸದೆ ಬಿಡುವುದಿಲ್ಲ ಎಂದು ಅಂದೇ ಹಲ್ಲು ಕಚ್ಚಿಕೊಂಡೆ.

ದಾರಿ ನನ್ನ ಮೇಜಿನ ಮೇಲೇ ಇತ್ತು. ಸತ್ತು ಹುಟ್ಟಿದ ಮಗುವಿಗೆ ಬೇರೆ ಪುಟ. ತಿಂಗಳ ಕೊನೆಗೆ ಬರೀ ಸಂಖ್ಯೆ ಮೇಲಿನ ಕಚೇರಿಗೆ ಹೋಗುತ್ತಿತ್ತು, ಯಾರೂ ಏನೂ ಕೇಳುತ್ತಿರಲಿಲ್ಲ. ಒಂದೇ ಒಂದು ಉಸಿರೆಳೆದು ಹೋದರೆ ಮಾತ್ರ ಅದು ಜನನ, ಆಮೇಲೆ ಮರಣ — ಎರಡು ಕಡೆ ಬರೆಯಬೇಕು, ಹೆರಿಗೆ ಮಾಡಿಸಿದವಳ ಮೇಲೆ ವಿಚಾರಣೆ. ನಿಮ್ಮ ಮಗುವಿಗೆ ನಾನು ಹತ್ತು ನಿಮಿಷದ ಆಯಸ್ಸು ಬರೆದೆ.

ವಿಚಾರಣೆಯವರು ಹೊಸಕೆರೆಹಳ್ಳಿಯ ನಿಮ್ಮ ಮನೆಗೂ ಬರುತ್ತಾರೆಂದು... ಅಷ್ಟು ದೂರ ಯೋಚಿಸಲೇ ಇಲ್ಲ. ಅವರು ಬಂದುಹೋದ ಮಾರನೆಯ ದಿನ ನಿಮ್ಮ ಯಜಮಾನರು ಆಸ್ಪತ್ರೆಯ ಗೇಟಿನಲ್ಲಿ ನಿಂತು ಕಮಲಮ್ಮನಿಗೆ ಹಿಡಿಶಾಪ ಹಾಕಿದರು. "ದೇವ್ರಾಣೆ ಸತ್ತೇ ಹುಟ್ಟಿತ್ತು" ಎಂದು ಅವಳು ಅತ್ತಳು. ಯಾರೂ ನಂಬಲಿಲ್ಲ, ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ವಾರದೊಳಗೆ ಅವಳಿಗೆ ವರ್ಗವಾಯಿತು.

ನೀವು ಮಾತ್ರ ಯಾರನ್ನೂ ಬೈಯಲಿಲ್ಲ. ಹಸಿ ಬಾಣಂತಿ, ತಲೆಗೆ ಬಟ್ಟೆ ಕಟ್ಟಿಕೊಂಡು ಅಷ್ಟು ದೂರ ನಡೆದು ಬಂದು ನನ್ನ ಮೇಜಿನ ಮುಂದೆ ನಿಂತಿರಿ.

"ಸಿಸ್ಟರಮ್ಮ, ಉಸ್ರಿತ್ತಂತಲ್ಲಾ... ಅತ್ತಿತ್ತಾ?"

ಇಲ್ಲ ಎನ್ನಬಹುದಿತ್ತು. ಹಾಗೆಂದರೆ ಕಮಲಮ್ಮ ಗೆದ್ದು ವಾಪಸು ಬಂದಾಳು — ಆಗಲೂ ನನಗೆ ಅದೇ ಯೋಚನೆ.

"ಒಂದ್ಸಲ ಅತ್ತಿತ್ತು ಕಣಮ್ಮ."

"ನಾನು ಎಚ್ರವಾಗೇ ಇದ್ನಲ್ಲಾ. ನಂಗ್ಯಾಕೆ ಕೇಳಿಸ್ಲಿಲ್ಲ?"

ಆ ಮಾತನ್ನೇ ನೀವು ವರ್ಷಗಟ್ಟಲೆ ಸಿಕ್ಕಸಿಕ್ಕವರನ್ನೆಲ್ಲ ಕೇಳುತ್ತಿದ್ದಿರೆಂದು ಆಮೇಲೆ ನಿಮ್ಮೂರಿನ ಬಸುರಿಯೊಬ್ಬಳು ಹೇಳಿದಳು. ಕೇಳಿಯೂ ಸುಮ್ಮನಿದ್ದೆ.

ಕಮಲಮ್ಮನನ್ನು ನಾನು ಇಂದಿಗೂ ಕ್ಷಮಿಸಿಲ್ಲ. ನೀವೂ ನನ್ನನ್ನು ಕ್ಷಮಿಸಬೇಡಿ. ಆದರೆ ಇದೊಂದು ನಂಬಿ — ನಿಮ್ಮ ಕಿವಿ ಸರಿಯಾಗಿಯೇ ಇತ್ತು, ನೀವು ಎಚ್ಚರವಾಗಿಯೇ ಇದ್ದಿರಿ. ಮಗು ಅಳಲೇ ಇಲ್ಲ, ತಾಯಿ.