ಎಲ್ವಿನ್ ತುಂಬಿದ ತೋಟೆಗಳು

ನಮ್ಮೂರಿನಲ್ಲಿ ಹಾರ್ಡ್‌ವೇರ್ ಅಂಗಡಿ ಇರುವುದು ಒಂದೇ, ಅದು ನನ್ನದು. ಮೊಳೆ, ಬೇಲಿ ತಂತಿ, ದನಕ್ಕೆ ನೆಕ್ಕಿಸುವ ಉಪ್ಪಿನ ಗಟ್ಟಿ, ಬಂದೂಕಿನ ತೋಟೆ, ಎಲ್ಲವೂ ಇಲ್ಲೇ ಸಿಗಬೇಕು, ಇಲ್ಲದಿದ್ದರೆ ಎಪ್ಪತ್ತು ಮೈಲಿ ಹೋಗಬೇಕು. ತೋಟೆಯ ಕಪಾಟಿನ ಎಡಕ್ಕೆ ಕಂಪನಿಯ ಸಿದ್ಧ ಪೆಟ್ಟಿಗೆಗಳು. ಬಲಕ್ಕೆ ಮನೆಯಲ್ಲೇ ತುಂಬಿಕೊಳ್ಳುವವರಿಗೆ ಬೇಕಾದ ಮದ್ದು, ಕೇಪು, ಗುಂಡು. ಎಲ್ವಿನ್ ಟ್ವೇಟ್ ಜನ್ಮದಲ್ಲಿ ಎಡಗಡೆ ತಿರುಗಿ ನೋಡಿದವರಲ್ಲ. ಅಲ್ಲಿ ಯಾರಾದರೂ ನಿಂತು ಪೆಟ್ಟಿಗೆ ತಿರುವಿ ನೋಡುತ್ತಿದ್ದರಂತೂ ಮುಗಿಯಿತು.

“ಏನಪ್ಪಾ, ಹೋಟೆಲ್ ಊಟಾನಾ?” ಎಂದು ಹಿಂದಿನಿಂದ ಕೇಳುವರು. “ತಗೋ, ತಗೋ. ಯಾರದೋ ಹೊಟ್ಟೆಗೆ ಮಾಡಿದ್ದು, ನಿಂಗೂ ಆಗುತ್ತೆ.”

ನನ್ನ ವ್ಯಾಪಾರ ಕೆಡಿಸುವ ಮಾತು, ನನ್ನ ಅಂಗಡಿಯಲ್ಲೇ ನಿಂತು. ಆದರೂ ಯಾರಿಗೂ ಕೋಪ ಬರುತ್ತಿರಲಿಲ್ಲ. ಮೂವತ್ತನಾಲ್ಕು ವರ್ಷ ಕೌಂಟಿಯ ಗ್ರೇಡರ್ ಓಡಿಸಿ ನಮ್ಮ ರಸ್ತೆಗಳ ಹಿಮ ತೆಗೆದ ಮನುಷ್ಯ. ಅವರು ಬಂದು ದಾರಿ ಬಿಡಿಸದೆ ನಮ್ಮಲ್ಲಿ ಹೆರಿಗೆಯೂ ಆಗಿಲ್ಲ, ಹೆಣವೂ ಹೋಗಿಲ್ಲ.

ನಿವೃತ್ತರಾದ ಮೇಲೆ ಅವರ ಲೋಕವೆಲ್ಲ ನೆಲಮಾಳಿಗೆಯಲ್ಲಿ ವಾಷಿಂಗ್ ಮಷಿನ್ ಪಕ್ಕದ ಬೆಂಚು. ಹಾರಿಸಿದ ತೋಟೆಯ ಖಾಲಿ ಹಿತ್ತಾಳೆಯನ್ನು ತೊಳೆದು, ಮದ್ದಿಗೆ ಕಿಡಿ ಹಚ್ಚುವ ಹೊಸ ಕೇಪು ಕೂರಿಸಿ, ಮದ್ದು ತೂಗಿ ಹಾಕಿ, ಮೇಲೆ ಗುಂಡು ಒತ್ತುವುದು. ಒಂದೇ ಹಿತ್ತಾಳೆ ಆರೇಳು ಸಲ ಬಾಳುತ್ತಿತ್ತು. ಊರಿನ ಪ್ರತಿ ಬಂದೂಕಿಗೂ ಅವರಲ್ಲಿ ಒಂದೊಂದು ಕಾರ್ಡು. ಅವರ ಅತ್ತೆಯ ಕಾಲದ ಅಡುಗೆ ಚೀಟಿಗಳ ತಗಡಿನ ಡಬ್ಬಿಯಲ್ಲಿ, ಕಡುಬಿನ ಚೀಟಿಯ ಹಿಂದೆ ನನ್ನ ತಮ್ಮ ವೆಂಡೆಲ್‌ನ ಬಂದೂಕಿಗೆ ಎಷ್ಟು ಮದ್ದು ಎಂದು ಬರೆದಿರುತ್ತಿತ್ತು. ಆಗಸ್ಟ್‌ನಲ್ಲಿ ಮನೆಮನೆಗೆ ಪೆಟ್ಟಿಗೆ ಹಂಚುವರು. ಒಂದು ಪೈಸೆ ಮುಟ್ಟುತ್ತಿರಲಿಲ್ಲ. ಬೇಟೆಯ ಕಾಲ ಮುಗಿದ ಮೇಲೆ ಖಾಲಿ ಹಿತ್ತಾಳೆಯನ್ನು ಕಾಫಿ ಡಬ್ಬಿಯಲ್ಲಿ ಹಾಕಿ ವಾಪಸು ಕೊಡಬೇಕು, ಅಷ್ಟೇ. ಕೊಡದಿದ್ದರೆ ಪಕ್ಕದ ಮನೆಯ ಪಾತ್ರೆ ಇಟ್ಟುಕೊಂಡಷ್ಟೇ ಅವಮರ್ಯಾದೆ. ದೇಶದಲ್ಲೆಲ್ಲ ತೋಟೆ ಸಿಗದೆ ನನ್ನ ಎಡಗಡೆಯ ಕಪಾಟಿನಲ್ಲಿ ಧೂಳು ಕೂತಿದ್ದ ಎರಡು ವರ್ಷ, ಈ ಊರಿನವರ ಫ್ರೀಜರ್ ತುಂಬಿಸಿದ್ದು ಆ ಬೆಂಚೇ.

ಆಮೇಲೆ ಒಂದು ನವೆಂಬರಿನಲ್ಲಿ ವೆಂಡೆಲ್ ಬಂದೂಕು ಹಿಡಿದು ನನ್ನ ಹಿಂಬಾಗಿಲಿಗೆ ಬಂದ.

“ಟುಸ್ ಅಂತು ಅಕ್ಕಾ. ಅಷ್ಟೇ ಸದ್ದು. ಇನ್ನೊಂದು ಹಾಕೋಣ ಅಂತ ಕೈ ಹೋಗಿತ್ತು. ಏನೋ ಅನ್ನಿಸಿ ನಳಿಗೆ ಒಳಗೆ ನೋಡ್ದೆ. ಕತ್ತಲೆ. ಗುಂಡು ಅಲ್ಲೇ ಕೂತಿದೆ.”

ತೋಟೆಯಲ್ಲಿ ಮದ್ದೇ ಇರಲಿಲ್ಲ. ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯ ನಡುವಿನ ತನಕ ಹೋಗಿ ಸಿಕ್ಕಿಕೊಂಡಿತ್ತು. ಅದರ ಹಿಂದೆ ಇನ್ನೊಂದು ಹಾರಿಸಿದ್ದರೆ ಬಂದೂಕು ಮುಖದ ಮುಂದೆಯೇ ಸಿಡಿಯುತ್ತಿತ್ತು.

ಎಲ್ವಿನ್ ಹೆಂಡತಿ ಆರ್ಡಿಸ್‌ಗೆ ಫೋನ್ ಮಾಡಿದೆ. ಆದದ್ದೆಲ್ಲ ಹೇಳಿದೆ. “ಬಟ್ಟೆ ಮಷಿನ್ ನಿಂತ್ರೆ, ತುಂಬೋದನ್ನ ಅರ್ಧಕ್ಕೆ ಬಿಟ್ಟು ಬಟ್ಟೆ ತೆಗೆದು ಹಾಕಿ ಬರ್ತಾರೆ ಕಣೇ,” ಎಂದರು. “ಬಂದ್ಮೇಲೆ ಎಲ್ಲಿಗೆ ನಿಲ್ಸಿದ್ದೆ ಅಂತ ಹುಡುಕ್ತಾ ಕೂತಿರ್ತಾರೆ. ನಾನು ನೋಡೂ ನೋಡದ ಹಾಗೆ ಇದ್ದೆ.”

“ಹೇಳೋಣ್ವಾ?”

“ಬೇಡ. ಸತ್ತೇ ಹೋಗ್ತಾರೆ.”

ನಮ್ಮ ಊರಿನವರ ದೊಡ್ಡ ರೋಗ ಇದು. ಇನ್ನೊಬ್ಬರ ಮನಸ್ಸು ನೋಯಿಸುವ ಮಾತನ್ನು ನಾವು ಆಡುವುದಿಲ್ಲ, ಬೇಕಾದರೆ ಹವಾಮಾನದ ಬಗ್ಗೆ ಒಂದು ಗಂಟೆ ಮಾತಾಡುತ್ತೇವೆ. ವೆಂಡೆಲ್ ಮನೆಮನೆ ಸುತ್ತಿ ಎಲ್ವಿನ್ ತುಂಬಿದ ಪೆಟ್ಟಿಗೆಗಳನ್ನೆಲ್ಲ ಗುಟ್ಟಾಗಿ ತಂದು ನನ್ನ ಗೋದಾಮಿನಲ್ಲಿ ಜೋಡಿಸಿದ. ಮುಂದಿನ ಬೇಟೆಗೆ ಎಲ್ಲರೂ ಎಡಗಡೆಯ ಕಪಾಟಿನಿಂದ ಕೊಂಡರು. ನನಗೆ ವ್ಯಾಪಾರವಾಯಿತು. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಆರ್ಡಿಸ್ ಕೇಳಿಕೊಂಡರೆಂದು ಒಂದು ಸಲ ಮದ್ದು ಬಂದಿಲ್ಲ ಎಂದು ಸುಳ್ಳು ಹೇಳಿ ನೋಡಿದೆ. ಎಲ್ವಿನ್ ಮಾರನೆಯ ದಿನ ಮಂಜುಗಡ್ಡೆ ಕಟ್ಟಿದ ರಸ್ತೆಯಲ್ಲಿ ಎಪ್ಪತ್ತು ಮೈಲಿ ಟ್ರಕ್ಕು ಓಡಿಸಿಕೊಂಡು ಹೋಗಿ ತಂದರು. ಎಪ್ಪತ್ತೊಂಬತ್ತು ವಯಸ್ಸು, ಒಂದು ಕಣ್ಣಿನಲ್ಲಿ ಪೊರೆ. ಅವತ್ತು ಸಂಜೆ ಆರ್ಡಿಸ್ ಫೋನ್ ಮಾಡಿ, “ಕೊಟ್ಟುಬಿಡು ನೇಡೀನ್, ರಸ್ತೆಗಿಂತ ಬೆಂಚೇ ವಾಸಿ,” ಎಂದರು. ಅವರು ಅಳುತ್ತಿದ್ದರು. ಆಮೇಲೆ ಎಲ್ವಿನ್ ಕೇಳಿದಾಗಲೆಲ್ಲ ಕೊಟ್ಟೆ. ಅವರು ತುಂಬುತ್ತಿದ್ದರು, ಹಂಚುತ್ತಿದ್ದರು, ಪೆಟ್ಟಿಗೆಗಳು ಸುತ್ತಿಕೊಂಡು ನನ್ನ ಗೋದಾಮಿಗೇ ಬರುತ್ತಿದ್ದವು.

ಮಾಡಿದ ಮೋಸವನ್ನಾದರೂ ಸರಿಯಾಗಿ ಮಾಡಿದೆವಾ, ಅದೂ ಇಲ್ಲ. ಬೇಟೆ ಮುಗಿದ ಮೇಲೆ ವಾಡಿಕೆಯಂತೆ ಎಲ್ಲರೂ ಕಾಫಿ ಡಬ್ಬಿ ತುಂಬಿ ಕೊಟ್ಟರು. ಕೊಟ್ಟಿದ್ದು ಕಂಪನಿಯ ತೋಟೆಗಳ ಹಿತ್ತಾಳೆ. ಹಿತ್ತಾಳೆ ಹಿತ್ತಾಳೆಯೇ ಅಲ್ಲವೇ ಎಂದುಕೊಂಡೆವು.

ಜನವರಿಯಲ್ಲಿ ಎಲ್ವಿನ್ ಆ ಡಬ್ಬಿಗಳಲ್ಲೊಂದನ್ನು ತಂದು ನನ್ನ ಕೌಂಟರಿನ ಮೇಲೆ ಸುರಿದರು.

“ಇವು ನನ್ನವಲ್ಲ.”

“ಯಾಕೆ ಎಲ್ವಿನ್, ಹಿತ್ತಾಳೇನೇ ತಾನೇ...”

“ಬುಡ ನೋಡು. ಹಾರಿಸಿದ ಸಲಕ್ಕೊಂದು ಗೀರು, ಬಂದೂಕು ಹಿಡಿದು ಎಳೆದದ್ದು. ಎಷ್ಟಿದೆ? ಒಂದೇ. ನನ್ನ ಹಿತ್ತಾಳೇಲಿ ಐದಾರು ಇರ್ತವೆ.” ಆಮೇಲೆ ಕೇಳಿದರು, “ಯಾರಿಗೆ ಏನಾಯ್ತು?”

ಅವರು ಮೊದಲು ಕೇಳಿದ್ದು ಅದನ್ನೇ. ಎಷ್ಟು ದಿನದಿಂದ ಮೋಸ ಮಾಡುತ್ತಿದ್ದೀರಿ ಎಂದು ಬೈದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

“ವೆಂಡೆಲ್‌ಗೆ. ಏನೂ ಆಗ್ಲಿಲ್ಲ, ಆಣೆ. ಕಣ್ಣು ಕೈ ಎಲ್ಲಾ ನೆಟ್ಟಗಿದೆ.”

“ಯಾವಾಗ?”

“ಹೋದ ವರ್ಷ ಅಲ್ಲ, ಅದರ ಹಿಂದಿನ ನವೆಂಬರು.”

ಎಲ್ವಿನ್ ಉಪ್ಪಿನ ಗಟ್ಟಿಯ ಮೇಲೆ ಕುಳಿತರು. ನಾನು ಕಾಫಿ ಕೊಟ್ಟು, ಪೆಟ್ಟಿಗೆಗಳೆಲ್ಲ ಗೋದಾಮಿನಲ್ಲಿವೆ ಎಂದೆ. ಕಾಫಿ ಕುಡಿಯಲಿಲ್ಲ. ಎದ್ದವರೇ ಗೋದಾಮು ತೋರಿಸು ಎಂದರು.

ಮುಂದಿನ ಎರಡು ವಾರ ಅವರೂ ವೆಂಡೆಲ್ಲೂ ಕುಳಿತು ಒಂದೊಂದೇ ತೋಟೆಯ ಗುಂಡು ಕಿತ್ತು ಮದ್ದು ಸುರಿದು ನೋಡಿದರು. ಒಟ್ಟು ಮೂರರಲ್ಲಿ ಮದ್ದಿರಲಿಲ್ಲ. ಆ ಮೂರನ್ನು ಕಿಟಕಿಯ ಕಟ್ಟೆಯ ಮೇಲೆ ಸಾಲಾಗಿ ಇಟ್ಟರು. ಮೂರೂ ವೆಂಡೆಲ್‌ಗೆ ಟುಸ್ ಎಂದ ಆ ವರ್ಷದವೇ. ಆಮೇಲೆ ಕಾರ್ಡುಗಳನ್ನು ತಂದು ತಾಳೆ ನೋಡಿದರು. ಆ ವರ್ಷ ತುಂಬಿದ್ದು ಹದಿನೈದು ಪೆಟ್ಟಿಗೆ. ಗೋದಾಮಿನಲ್ಲಿದ್ದದ್ದು ಹದಿನಾಲ್ಕು.

ಹದಿನೈದನೆಯದರ ಕಾರ್ಡಿನಲ್ಲಿ ಮದ್ದಿನ ತೂಕವಿತ್ತು, ತಾರೀಖಿತ್ತು, ಹೆಸರಿರಲಿಲ್ಲ. ಇಲ್ಲಿ ಮನೆಗೊಂದರಂತೆ ಇರುವ ಬಂದೂಕಿನ ಅಳತೆಯ ತೋಟೆ. ಯಾರ ಬಂದೂಕಿನಲ್ಲಿ ಬೇಕಾದರೂ ಕೂರುತ್ತದೆ.

“ಯಾರೋ ದೊಡ್ಡ ಟೋಪಿಯವನು,” ಎಂದರು ಎಲ್ವಿನ್. “ನಿನ್ನ ಅಂಗಡಿ ಮುಂದೇನೇ ಕೊಟ್ಟೆ. ಇಲ್ಲ, ಚರ್ಚ್ ಹತ್ರ. ತಡಿ, ತಡಿ. ಬಂತು... ಇಲ್ಲ.”

ಊರಿನವರನ್ನೆಲ್ಲ ಕೇಳಿದೆವು. ಪಕ್ಕದ ಎರಡು ಊರುಗಳಿಗೂ ಫೋನ್ ಮಾಡಿದೆವು. ಎಲ್ವಿನ್ ತಾವೇ ಒಂದು ಚೀಟಿ ಬರೆದು ತಂದು ನನ್ನ ಬಾಗಿಲಿಗೆ ಅಂಟಿಸಿದರು: ‘ಎಲ್ವಿನ್ ಟ್ವೇಟ್ ತುಂಬಿದ ತೋಟೆ ನಿಮ್ಮಲ್ಲಿದ್ದರೆ ದಯವಿಟ್ಟು ಹಾರಿಸಬೇಡಿ. ತಪ್ಪಾಗಿದೆ.’ ಆ ಅಕ್ಷರವನ್ನು ಪೆಟ್ಟಿಗೆಗಳ ಮೇಲೆ ನೋಡಿ ಅರ್ಧ ಕೌಂಟಿ ಕಣ್ಣು ಮುಚ್ಚಿ ನಂಬಿತ್ತು. ಜನ ಚೀಟಿ ಓದಿ ಟೋಪಿ ಸರಿ ಮಾಡಿಕೊಂಡು, ಹವಾಮಾನದ ಬಗ್ಗೆ ಮಾತಾಡಿ ಹೋಗುತ್ತಿದ್ದರು. ಪೆಟ್ಟಿಗೆ ಬರಲಿಲ್ಲ. ವಸಂತ ಹೋಯಿತು, ಬೇಸಿಗೆ ಹೋಯಿತು. ನೆಲಮಾಳಿಗೆಯ ಆ ಬೆಂಚಿನ ಮೇಲೆ ಆರ್ಡಿಸ್ ಬಟ್ಟೆ ಮಡಿಸಿಡತೊಡಗಿದರು. ದಿನವೂ ಎಲ್ವಿನ್ ಅಂಗಡಿಗೆ ಬಂದು ಪೆಟ್ಟಿಗೆ ಬಂತೇ ಎಂಬಂತೆ ನನ್ನನ್ನು ನೋಡುವರು, ನಾನು ಇಲ್ಲವೆಂದು ತಲೆಯಾಡಿಸುವೆ. ಕೈಲಾಗದವರಂತೆ ಇಬ್ಬರೂ ಕಾಫಿ ಕುಡಿಯುತ್ತಿದ್ದೆವು.

ಅಕ್ಟೋಬರಿನಲ್ಲಿ ಬೇಟೆ ಶುರುವಾಗುವ ಶನಿವಾರ, ಬೆಳಕು ಹರಿಯುವ ಮೊದಲೇ ಅವರು ಅಂಗಡಿಯ ಜಗಲಿಯಲ್ಲಿದ್ದರು. ಒಳಗೆ ಬನ್ನಿ, ಚಳಿ ಎಂದೆ. ಬರಲಿಲ್ಲ. ನಾನೇ ಕೋಟು ಹಾಕಿಕೊಂಡು ಹೋಗಿ ಪಕ್ಕದಲ್ಲಿ ಕುಳಿತೆ.

ಗುಡ್ಡದ ಕಡೆಯಿಂದ ಮೊದಲ ಗುಂಡು ಕೇಳಿಸಿತು. ಎಲ್ವಿನ್ ಉಸಿರು ಹಿಡಿದಿದ್ದರು. “ಇದು ಸರಿಯಾಗಿ ಹಾರ್ತು,” ಎಂದು ಉಸಿರು ಬಿಟ್ಟರು. ಇನ್ನೊಂದು ಹಾರಿತು, ಮತ್ತೆ ಉಸಿರು ಹಿಡಿದರು. ಟುಸ್ ಎಂಬ ಸದ್ದು ಇಷ್ಟು ದೂರ ಕೇಳಿಸುವುದಿಲ್ಲ, ಅದು ಅವರಿಗೂ ಗೊತ್ತು, ನನಗೂ ಗೊತ್ತು.

ಎಲ್ವಿನ್ ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು: “ಆ ನವೆಂಬರಲ್ಲಿ ನಂಗೆ ನೆನಪಿತ್ತು, ನೇಡೀನ್. ಯಾರಿಗೆ ಕೊಟ್ಟಿದ್ದು ಅಂತ ಆಗ ಕೇಳಿದ್ದಿದ್ರೆ ಹೇಳ್ತಿದ್ದೆ.”

ಗುಡ್ಡದ ಮೇಲೆ ಮತ್ತೊಂದು ಗುಂಡು ಹಾರಿತು. ನಾವಿಬ್ಬರೂ ಮುಂದಿನದಕ್ಕೆ ಕಾಯುತ್ತ ಕುಳಿತೆವು.